ಆಮೇಲೆ ಎಂಬ ಗುಂಡಿ

ಫೆಬ್ರವರಿ 3

ಅಕ್ಕಾ,

ಫೋನಿನಲ್ಲಿ ನಾವಿಬ್ಬರೂ ಮಾತಿಗೆ ಮಾತು ಬೆಳೆಸಿ ಕೊನೆಗೆ ಪಟ್ಟನೆ ಇಟ್ಟುಬಿಡುತ್ತೇವೆ, ಅದರ ಬದಲು ಕಾಗದ ಬರಿ, ಸಿಟ್ಟು ಅಂಚೆಯಲ್ಲೇ ತಣ್ಣಗಾಗುತ್ತದೆ ಎಂದು ನೀನೇ ಹೇಳಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಓದು ಬಿಟ್ಟವನಿಗೆ ಕಂಪ್ಯೂಟರ್ ಕೋಣೆಯಲ್ಲಿ ಏನು ಕೆಲಸ, ಕಸ ಗುಡಿಸುತ್ತೀಯಾ ಎಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಇದು. ನಮ್ಮ ಸಂಸ್ಥೆಯ ಆಸ್ಪತ್ರೆಗಳು ಹತ್ತಾರು ಊರುಗಳಲ್ಲಿವೆ, ನಿನ್ನದೂ ಅದರಲ್ಲೊಂದು. ಎಲ್ಲ ಕಡೆಯ ಕಂಪ್ಯೂಟರುಗಳೂ ಒಂದೇ ನೆಟ್‌ವರ್ಕಿನಲ್ಲಿವೆ. ಹೊಸ ಸಾಫ್ಟ್‌ವೇರ್ ಬಂದರೆ ಪ್ರತಿ ಯಂತ್ರದ ಮುಂದೆ ಒಬ್ಬೊಬ್ಬರು ಕೂತು ಹಾಕಲು ಆಗುವುದಿಲ್ಲ. ಹಾಕುವಾಗ ಅದು ಹೆಣ್ಣು ನೋಡಲು ಬಂದವರ ಹಾಗೆ ನೂರೆಂಟು ಪ್ರಶ್ನೆ ಕೇಳುತ್ತದೆ: ಎಲ್ಲಿ ಕೂರಲಿ, ಹಳೆಯದನ್ನು ತೆಗೆಯಲೇ, ಪ್ರಿಂಟರ್ ಯಾವುದು. ನಾನು ಇಲ್ಲಿ ಕೂತು ಎಲ್ಲ ಪ್ರಶ್ನೆಗೂ ಮೊದಲೇ ಉತ್ತರ ಬರೆದು, ಒಟ್ಟಿಗೆ ಗಂಟು ಕಟ್ಟಿ, ನೆಟ್‌ವರ್ಕಿನ ಮೂಲಕ ಎಲ್ಲ ಕಡೆಗೂ ಕಳಿಸುತ್ತೇನೆ. ಅದಕ್ಕೆ ಪ್ಯಾಕೇಜ್ ಅನ್ನುತ್ತಾರೆ. ಅಲ್ಲಿ ತಲುಪಿ ಯಾರನ್ನೂ ಏನೂ ಕೇಳದೆ ಹಳೆಯದನ್ನು ಎಬ್ಬಿಸಿ ತಾನು ಕೂರುತ್ತದೆ. ಕೂತರೆ ನನ್ನ ಪರದೆಯ ಮೇಲೆ ಆ ಯಂತ್ರದ ಕೆಂಪು ಚುಕ್ಕೆ ಹಸಿರಾಗುತ್ತದೆ. ಹಸಿರಾಗದವುಗಳ ಬೆನ್ನು ಹತ್ತುವುದರಲ್ಲೇ ನನ್ನ ದಿನ ಮುಗಿಯುತ್ತದೆ. ಕಿಟಕಿಯಿಲ್ಲದ ಕೋಣೆ, ತಣ್ಣನೆ ಗಾಳಿ, ಯಂತ್ರಗಳ ಗುಂಯ್‌ಗುಡುವಿಕೆ. ಸಂಜೆ ಹೊರಗೆ ಬಂದರೆ ರಸ್ತೆಯ ಸದ್ದೂ ಹಿತವೆನಿಸುತ್ತದೆ.

ಮುಂದಿನ ಪ್ಯಾಕೇಜ್ ನಿನ್ನ ಮೇಜಿಗೇ ಬರುವಂಥದ್ದು, ರಕ್ತದ ಮಾದರಿಗೆ ಲೇಬಲ್ ಮುದ್ರಿಸುವ ಹೊಸ ಸಾಫ್ಟ್‌ವೇರ್. ಸಂಜೆ ಹೋಗುವಾಗ ಯಂತ್ರ ಆರಿಸಬೇಡ. ಬೆಳಿಗ್ಗೆ ಬರುವಷ್ಟರಲ್ಲಿ ನನ್ನ ಕೈಗುಣ ನೋಡುತ್ತೀಯ.

ನಿನ್ನ ಕಳೆದ ಕಾಗದದಲ್ಲಿ ಎರಡು ಸಾಲು ಒಂದರ ಮೇಲೊಂದು ಹತ್ತಿ ಕೂತಿದ್ದವು, ಬಸ್ಸಿನ ಬಾಗಿಲಲ್ಲಿ ಜನ ನಿಂತ ಹಾಗೆ. ನನ್ನ ಅಕ್ಷರಕ್ಕೆ ಕಿವಿ ಹಿಂಡುತ್ತಿದ್ದವಳು ನೀನೇ ತಾನೆ?

ನಿನ್ನ ತಮ್ಮ


ಫೆಬ್ರವರಿ 19

ಮರಿ,

ಕಸ ಗುಡಿಸುತ್ತೀಯಾ ಅಂದದ್ದು ತಮಾಷೆಗೆ. ನೀನು ಅದನ್ನೂ ಗಂಟು ಕಟ್ಟಿ ಇಟ್ಟುಕೊಂಡಿದ್ದೀಯ.

ನನ್ನ ಕೆಲಸವನ್ನೂ ಹೇಳುತ್ತೇನೆ ಕೇಳು. ರಕ್ತ ಕೊಡುವವರು ಎದುರಿನ ಸ್ಟೂಲಿನ ಮೇಲೆ ಕೂರುತ್ತಾರೆ. ಹೆಸರು ಕೇಳುತ್ತೇನೆ, ಟೈಪ್ ಮಾಡುತ್ತೇನೆ. ವಯಸ್ಸು ಕೇಳುತ್ತೇನೆ, ಟೈಪ್ ಮಾಡುತ್ತೇನೆ. ಪರದೆಯ ನಡುವೆ ಒಂದರ ಕೆಳಗೊಂದು ಪ್ರಶ್ನೆ ಬರುತ್ತದೆ, ಎಂಟರ್ ಒತ್ತುತ್ತಾ ಹೋದರೆ ಲೇಬಲ್ ಹೊರಗೆ ಬರುತ್ತದೆ. ನಳಿಗೆಗೆ ಸುತ್ತಿ ಅಂಟಿಸಿದರೆ ಮುಗಿಯಿತು. ಇಷ್ಟು ವರ್ಷದಲ್ಲಿ ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋದದ್ದಿಲ್ಲ. ಸರಿಯಾಗಿ ನಡೆಯುತ್ತಿರುವುದನ್ನು ಯಾಕೆ ಬದಲಾಯಿಸುತ್ತೀರೋ, ಕಾಲಿಗೆ ಹೊಂದಿದ ಚಪ್ಪಲಿ ಬಿಸಾಡಿದ ಹಾಗೆ.

ಕಳೆದ ಕಾಗದ ಬಸ್ಸಿನಲ್ಲಿ ಕೂತು ಬರೆದದ್ದು. ಇದರ ಮೂಲೆಯಲ್ಲಿರುವುದು ಚಹಾದ ಕಲೆ. ಲೋಟ ಅಲ್ಲಿತ್ತು ಅಂತ ಗೊತ್ತಾಗಲಿಲ್ಲ.

ಭಾವ ಚೆನ್ನಾಗಿದ್ದಾರೆ. ಅವರು ಬೇಕರಿಯ ರಾತ್ರಿ ಪಾಳಿ ಮುಗಿಸಿ ಬರುವಾಗ ನಾನು ಹೊರಟಿರುತ್ತೇನೆ, ನಾನು ಬರುವಾಗ ಅವರು ಹೊರಟಿರುತ್ತಾರೆ. ಬಾಗಿಲಲ್ಲಿ ಕೀಲಿಕೈ ಬದಲಾಯಿಸಿಕೊಳ್ಳುವುದೇ ನಮ್ಮ ಸಂಸಾರ. ಹೊತ್ತಿಗೆ ಸರಿಯಾಗಿ ಉಣ್ಣು.

ಅಕ್ಕ


ಮಾರ್ಚ್ 8

ಅಕ್ಕಾ,

ಎಲ್ಲ ಆಸ್ಪತ್ರೆಗಳೂ ಹಸಿರಾದವು. ಉಳಿದ ಕೆಂಪು ಒಂದೇ, ನಿನ್ನ ಮೇಜಿನದು. ದಿನಾ ಸಂಜೆ ಯಂತ್ರ ಆರಿಸಿ ಹೋಗುತ್ತೀಯ. ಹಗಲಲ್ಲಿ 'ಹೊಸ ಸಾಫ್ಟ್‌ವೇರ್ ಬಂದಿದೆ, ಈಗ ಹಾಕಲೇ, ಆಮೇಲೆ ಹಾಕಲೇ' ಎಂಬ ಪ್ರಶ್ನೆ ಬಂದರೆ 'ಆಮೇಲೆ' ಒತ್ತುತ್ತೀಯ. ಈ ಗುಂಡಿಯೊಂದನ್ನು ಮರ್ಯಾದೆಗೆ ಅಂತ ನಾನೇ ಇಟ್ಟಿದ್ದೆ. ನೀನು ಒತ್ತಿದಾಗಲೆಲ್ಲ ಇಲ್ಲಿ ನನಗೆ ಕಾಣುತ್ತದೆ. ಪಕ್ಕದ ಮೇಜಿನವನಿಗೆ ಇದೊಂದು ಮನರಂಜನೆ. "ನಿಮ್ಮಕ್ಕ ಇವತ್ತೂ ಬಾಗಿಲು ತೆಗೀಲಿಲ್ವೇನೋ?" ಅನ್ನುತ್ತಾನೆ.

ನಮ್ಮ ಮುಖ್ಯಸ್ಥರನ್ನು ಇಲ್ಲಿ ಎಲ್ಲರೂ ದೊಡ್ಡೋರು ಅನ್ನುತ್ತೇವೆ. ಅವರು ನಿನ್ನೆ ಕುರ್ಚಿ ಎಳೆದು ಕೂತು, "ಆ ಒಂದು ಮಿಷನ್ನ ಪಟ್ಟಿಯಿಂದ ತೆಗ್ದುಬಿಡು ಮಾರಾಯ, ನೂರಕ್ಕೆ ನೂರು ಅಂತ ಮೇಲೆ ಕಳಿಸ್ತೀನಿ" ಅಂದರು.

"ನೂರಾಗಿಲ್ಲವಲ್ಲ ಸರ್" ಅಂದೆ.

"ನಿನ್ನನ್ನ ಶಾಲೆಯಿಂದ ಯಾಕೆ ಓಡಿಸಿದ್ರು ಅಂತ ಈಗ ಗೊತ್ತಾಯ್ತು."

"ಓಡಿಸಲಿಲ್ಲ ಸರ್, ನಾನೇ ಬಿಟ್ಟೆ."

ನಿಜ ಹೇಳು, ಇದು ನನ್ನ ಮೇಲಿನ ಸಿಟ್ಟು ತಾನೆ? ಹತ್ತನೇ ತರಗತಿ ದಾಟದವನು ಕಳಿಸಿದ್ದನ್ನು ನನ್ನ ಮೇಜಿನ ಮೇಲೆ ಯಾಕೆ ಕೂರಿಸಿಕೊಳ್ಳಲಿ ಅಂತ. ಅಮ್ಮ ಹೋದ ಮೇಲೆ ಹಗಲಿರುಳು ದುಡಿದು ನನ್ನನ್ನು ಓದಿಸಿದೆ, ನಾನು ಅರ್ಧಕ್ಕೆ ಎದ್ದು ಬಂದೆ. ಅದಕ್ಕೆ ನೀನು ಮಾತು ಬಿಡು, ಬೈ, ಸರಿ. ಕೆಲಸದ ಮೇಲೆ ಯಾಕೆ ತೀರಿಸಿಕೊಳ್ಳುತ್ತೀಯ?

ತಮ್ಮ


ಮಾರ್ಚ್ 27

ಮರಿ,

ಜಗತ್ತಿನಲ್ಲಿ ಆಗುವುದೆಲ್ಲ ನಿನ್ನ ಶಾಲೆಯ ಸುತ್ತಲೇ ತಿರುಗುವುದಿಲ್ಲ. ಅದನ್ನು ನಾನು ಎಂದೋ ಬಿಟ್ಟೆ. ನೀನೂ ಬಿಡು.

ಇನ್ನೂ ಸ್ವಲ್ಪ ದಿನ ಆ ಗುಂಡಿ ಹಾಗೇ ಇರಲಿ. ಯಾಕೆ ಅಂತ ಕೇಳಬೇಡ. ನಿನ್ನನ್ನು ನಾನು ಇದುವರೆಗೆ ಏನೂ ಕೇಳಿಲ್ಲ.

ಭುಜ ಬಾಗಿಲಿಗೆ ತಾಗಿ ಬಾತಿದೆ, ಹೆಚ್ಚು ಬರೆಯಲಾರೆ. ಆಯಾಸ.

ಅಕ್ಕ


ಏಪ್ರಿಲ್ 5

ಅಕ್ಕಾ,

ಚಹಾ ಚೆಲ್ಲಿತು ಅಂತೀಯ, ಬಾಗಿಲು ತಾಗಿತು ಅಂತೀಯ. ಬಾಗಿಲು ತಾಗಿತು ಎನ್ನುವ ಹೆಂಗಸರನ್ನು ನಮ್ಮ ಓಣಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ. ಭಾವ ಕೈ ಮಾಡುತ್ತಾರಾ? ಹೌದಾದರೆ ಒಂದು ಸಾಲು ಸಾಕು, ಮಾರನೇ ದಿನ ಅಲ್ಲಿರುತ್ತೇನೆ.

ಅಲ್ಲವಾದರೆ ಕೆಲಸದ ಮಾತು. ಕಾರಣ ಹೇಳದೆ ಗುಂಡಿ ಇರಲಿ ಅಂದರೆ ನಾನು ಯಾರಿಗೆ ಏನು ಹೇಳಲಿ? ಹಳೆಯ ಸಾಫ್ಟ್‌ವೇರಿನವರು ಬಾಗಿಲು ಮುಚ್ಚಿಕೊಂಡು ಹೋಗಿದ್ದಾರೆ, ನಾಳೆ ಅದು ಕೆಟ್ಟು ನಿಂತರೆ ನಿನ್ನ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಸೋಮವಾರದಿಂದ ಆ ಗುಂಡಿ ಇರುವುದಿಲ್ಲ. ಯಂತ್ರ ಹಚ್ಚಿದ ಕೂಡಲೇ ಹೊಸದು ಕೂರುತ್ತದೆ. ಎರಡು ದಿನ ಕೈ ತಡವರಿಸೀತು, ಆಮೇಲೆ ಅಭ್ಯಾಸವಾಗುತ್ತದೆ.

ಮೊದಲನೆಯದಕ್ಕೆ ಮರೆಯದೆ ಉತ್ತರ ಬರಿ.

ತಮ್ಮ


ಏಪ್ರಿಲ್ 18

ಮರಿ,

ನಿನ್ನ ಕಾಗದ ಗುರುವಾರ ಬಂತು. ನಿನ್ನ ಪ್ಯಾಕೇಜ್ ಸೋಮವಾರವೇ ಬಂದಿತ್ತು.

ಮೊದಲು ಭಾವನ ವಿಷಯ. ಹಿಟ್ಟಿನಲ್ಲಿ ಇರುವೆ ಕಂಡರೆ ಅದನ್ನು ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟುಬರುವ ಮನುಷ್ಯ ಅವರು. ಇನ್ನೊಮ್ಮೆ ಹಾಗೆ ಕೇಳಿದರೆ ನಿನ್ನ ಮುಖ ನೋಡುವುದಿಲ್ಲ.

ಇನ್ನು ಬಾಗಿಲು. ಬಾಗಿಲು ನಿಜವಾಗಿಯೂ ತಾಗಿತು, ನನಗೆ ಕಾಣಲಿಲ್ಲ. ಲೋಟವೂ ಕಾಣಲಿಲ್ಲ. ಒಂದು ವರ್ಷಕ್ಕೂ ಮೇಲಾಯಿತು ಮರಿ, ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕ ಕಾಣುವುದಿಲ್ಲ. ಕೊಳವೆಯಲ್ಲಿ ಕಣ್ಣಿಟ್ಟು ನೋಡಿದ ಹಾಗೆ. ಬರೆಯುವಾಗ ಒಂದು ಸಾಲು ಮುಗಿಸಿ ಮುಂದಿನದರ ತಲೆ ಹುಡುಕಿದರೆ ಸಿಗುವುದಿಲ್ಲ, ಅದಕ್ಕೇ ಸಾಲಿನ ಮೇಲೆ ಸಾಲು.

ಹಳೆಯದರಲ್ಲಿ ನಾನು ಏನನ್ನೂ ಹುಡುಕಬೇಕಾಗಿರಲಿಲ್ಲ. ಪ್ರಶ್ನೆ ನಡುವೆಯೇ ಬರುತ್ತಿತ್ತು, ಬೆರಳಿಗೆ ದಾರಿ ಗೊತ್ತಿತ್ತು. ನಿನ್ನ ಹೊಸದು ಎಲ್ಲವನ್ನೂ ಮೂಲೆಗಳಲ್ಲಿ ಇಟ್ಟಿದೆ. ಹೆಸರು ಎಡ ತುದಿಯಲ್ಲಿ, ವಯಸ್ಸು ಬಲ ತುದಿಯಲ್ಲಿ, ಮುದ್ರಿಸುವ ಗುಂಡಿ ಕೆಳಗೆಲ್ಲೋ. ಎಲ್ಲಕ್ಕೂ ಮೌಸ್. ಆ ಬಾಣದ ಗುರುತು ಒಮ್ಮೆ ಕಳೆದುಹೋದರೆ ಸಿಗುವುದೇ ಇಲ್ಲ. ಸೋಮವಾರ ಒಂದೇ ಹೆಸರಿನ ಇಬ್ಬರು ಬಂದಿದ್ದರು. ಪಟ್ಟಿಯಲ್ಲಿ ಮೇಲಿನದನ್ನು ಒತ್ತಿದೆ, ಲೇಬಲ್ ಅಂಟಿಸಿದೆ. ಸ್ಟೂಲಿನ ಮೇಲಿದ್ದ ಅಜ್ಜಿ ನಳಿಗೆ ತಿರುಗಿಸಿ ನೋಡಿ, "ಇಪ್ಪತ್ತೇಳು ವರ್ಷ ಅಂತ ಬರೆದಿದ್ದೀಯಲ್ಲೇ ತಾಯಿ. ನಮ್ಮ ಮನೆಯೋರು ಇದ್ದಿದ್ರೆ ಖುಷಿಪಡ್ತಿದ್ರು" ಅಂದಳು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಗೋಡೆ ಹಿಡಿದು ನಿಂತೆ.

ಮರುದಿನದಿಂದ ಮೈ ಹುಷಾರಿಲ್ಲ ಎಂದು ಮನೆಯಲ್ಲಿದ್ದೇನೆ.

ಡಾಕ್ಟರಿಗೆ ತೋರಿಸಿಲ್ಲ. ನಮ್ಮ ಕಣ್ಣಿನ ವಿಭಾಗ ನನ್ನ ಮೇಜಿನಿಂದ ಎರಡು ಬಾಗಿಲು ಆಚೆ. ಅವರು ಬರೆದದ್ದು ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ನಮ್ಮ ಮೇಲಿನವರ ಕಣ್ಣಿಗೆ ಬೀಳುತ್ತದೆ, ಅಲ್ಲಿಗೆ ನನ್ನ ಕೆಲಸ ಹೋಗುತ್ತದೆ. ಈ ಕೆಲಸ ಬಿಟ್ಟು ನನಗೆ ಬೇರೆ ಏನೂ ಬರುವುದಿಲ್ಲ.

ಈಗ ಕೇಳುತ್ತಿದ್ದೇನೆ. ನನ್ನ ಯಂತ್ರಕ್ಕೆ ಹಳೆಯದನ್ನು ವಾಪಸು ಹಾಕು, ನಿನ್ನ ಪರದೆಯಲ್ಲಿ ಹಸಿರು ತೋರಿಸು. ಇದು ನಿನ್ನೊಬ್ಬನ ಕೈಯಲ್ಲಿ ಆಗುವ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಭಾವನಿಗೂ ಹೇಳಿಲ್ಲ, ನಿನಗೆ ಹೇಳಿದ್ದೇನೆ.

ಅಕ್ಕ


ಏಪ್ರಿಲ್ 26

ಅಕ್ಕಾ,

ನಿನ್ನ ಕಾಗದವನ್ನು ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ.

ನೀನು ಕೇಳಿದ್ದು ನನ್ನಿಂದ ಆಗುತ್ತದೆ, ಚಿಟಿಕೆ ಹೊಡೆಯುವಷ್ಟರಲ್ಲಿ. ಆದರೆ ಮಾಡಲಿಲ್ಲ. ಆ ಅಜ್ಜಿಗೆ ಓದು ಬರದೆ ಇದ್ದಿದ್ದರೆ ಎನ್ನುವುದು ತಲೆಯಿಂದ ಹೋಗುತ್ತಿಲ್ಲ. ಹಳೆಯದರಲ್ಲಿ ನೀನು ತಪ್ಪುವುದಿಲ್ಲ, ನಂಬುತ್ತೇನೆ. ಈ ವರ್ಷ ತಪ್ಪುವುದಿಲ್ಲ. ಮುಂದಿನ ವರ್ಷ ಆ ನಡುವಿನ ಕೊಳವೆಯೂ ಸಣ್ಣದಾದರೆ? ಆಗಲೂ ಹಸಿರು ಚುಕ್ಕೆ ತೋರಿಸಿಕೊಂಡು ನಾನು ಇಲ್ಲಿ ತಣ್ಣಗೆ ಕೂತಿರಬೇಕಾ?

ಮಾಡಿದ್ದನ್ನು ಹೇಳುತ್ತೇನೆ. ರಟ್ಟಿನ ತುಂಡಿನ ನಡುವೆ ತೂತು ಮಾಡಿ ಪರದೆಗೆ ಅಡ್ಡ ಹಿಡಿದೆ, ಮೌಸ್ ಕಿತ್ತಿಟ್ಟೆ. ಹೊಸದರಲ್ಲಿ ಒಂದು ಲೇಬಲ್ಲೂ ಮುದ್ರಿಸಲು ಆಗಲಿಲ್ಲ. ಕೀಬೋರ್ಡಿನಲ್ಲಿ ಹೆಸರಿನವರೆಗೆ ಹೋಗಬಹುದು, ಅಲ್ಲಿಂದ ಮುಂದೆ ಗೋಡೆ. ಕಳಿಸುವ ಮೊದಲು ನಾನು ಪರೀಕ್ಷೆ ಮಾಡಿದ್ದು ಅದು ಕೂರುತ್ತದೋ ಇಲ್ಲವೋ ಎಂದು ಮಾತ್ರ. ಕೂತ ಮೇಲೆ ಎದುರಿಗೆ ಕೂತವರ ಗತಿ ಏನು ಎಂದು ನೋಡಿರಲಿಲ್ಲ. ದೊಡ್ಡೋರ ಹತ್ತಿರ ಹೋಗಿ, ಇಂಥ ತಪ್ಪು ಯಾವ ಊರಿನಲ್ಲೂ ಆಗಬಹುದು, ಸದ್ಯಕ್ಕೆ ಎಲ್ಲ ಕಡೆ ಹಳೆಯದಕ್ಕೆ ಮರಳೋಣ, ಮಾಡಿದವರಿಗೆ ಇದನ್ನು ತಿದ್ದಲು ಹೇಳೋಣ ಅಂದೆ.

"ಹಸಿರಾಗಿದ್ದನ್ನೆಲ್ಲ ಕೆಂಪು ಮಾಡ್ತೀಯಾ? ಯಾರಿಗೋಸ್ಕರ?"

"ಅಕ್ಕಪಕ್ಕ ಕಣ್ಣು ಕಾಣದೋರು ಒಬ್ರಿದ್ದಾರೆ ಸರ್."

"ಯಾರು?"

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೊತ್ತಿಲ್ಲ ಸರ್, ಯಾರೋ ಒಬ್ರು ದೂರು ಕೊಟ್ರು ಅಂದಿದ್ರೆ ನಾನು ಸುಮ್ನಾಗ್ತಿದ್ದೆನಲ್ಲೋ. ಈಗ ಕೇಳಿದ ಮೇಲೆ ನಾನು ಆಸ್ಪತ್ರೆಗೆ ತಿಳಿಸ್ಲೇಬೇಕು."

"ನೀವು ಕೇಳಿದ್ರಲ್ಲ ಸರ್."

"ಕೇಳಿದ್ದಕ್ಕೆಲ್ಲ ಉತ್ತರ ಕೊಡೋಕೆ ನೀನೇನು ಕಂಪ್ಯೂಟರಾ?"

ಇವತ್ತು ಎಲ್ಲ ಯಂತ್ರಗಳೂ ಹಳೆಯದಕ್ಕೆ ಮರಳಿವೆ. ನಿನ್ನ ಮೇಲಿನವರಿಗೆ ದೊಡ್ಡೋರು ಫೋನ್ ಮಾಡಿದ್ದಾರೆ. ಇದನ್ನು ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳಬೇಕು ಎಂದು ಈಗಲೇ ಅಂಚೆಗೆ ಹಾಕುತ್ತಿದ್ದೇನೆ.

ಕಣ್ಣು ತೋರಿಸು ಅಕ್ಕಾ.

ತಮ್ಮ


ಜೂನ್ 15

ಅಕ್ಕಾ,

ಬರೆದು ಒಂದೂವರೆ ತಿಂಗಳ ಮೇಲಾಯಿತು. ನನ್ನ ಕಾಗದ ತಲುಪುವ ಮೊದಲೇ ಅವರು ನಿನ್ನನ್ನು ಕರೆದು ಮಾತಾಡಿರಬೇಕು. ಅಂಚೆ ಎಷ್ಟು ನಿಧಾನ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿರಬೇಕಾಗಿತ್ತು. ಫೋನ್ ಮಾಡಬಹುದಿತ್ತು. ಫೋನ್ ತೆಗೆದು ಹಿಡಿದುಕೊಂಡಿದ್ದೆ, ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ.

ಇಲ್ಲಿ ಎಲ್ಲ ಮಾಮೂಲು. ಕೋಣೆಯ ಗಾಳಿಯಂತ್ರ ಕೆಟ್ಟು ಸರಿಯಾಗಿ ಮತ್ತೆ ಕೆಟ್ಟಿದೆ. ಸಾಫ್ಟ್‌ವೇರ್ ಮಾಡಿದವರು ತಿದ್ದಿ ಕಳಿಸಿದ್ದಾರೆ. ಪಕ್ಕದ ಮೇಜಿನವನು ಈಗ ನಿನ್ನ ವಿಷಯದಲ್ಲಿ ತಮಾಷೆ ಮಾಡುವುದಿಲ್ಲ, ಅದು ಇನ್ನೂ ಕಷ್ಟ.

ಬೈದಾದರೂ ಬರಿ.

ತಮ್ಮ


ಆಗಸ್ಟ್ 2

ಮರಿ,

ಈ ಅಕ್ಷರ ನಿನ್ನ ಭಾವನದು. ನಾನು ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ. ನಿನ್ನ ಕಾಗದವನ್ನೂ ಅವರೇ ಓದಿ ಹೇಳುತ್ತಾರೆ. ಸ್ವಲ್ಪ ಹೊತ್ತು ಓದಿದರೆ ನನಗೆ ತಲೆ ಸಿಡಿಯುತ್ತದೆ. ಇನ್ನು ಮುಂದೆ ಇಬ್ಬರು ಕೇಳುವಂಥದ್ದನ್ನೇ ಬರಿ.

ನಮ್ಮ ಮೇಲಿನವರು ಕೂಗಾಡಲಿಲ್ಲ. ಕೈ ಹಿಡಿದು ಎರಡು ಬಾಗಿಲು ಆಚೆ ಅವರೇ ಕರೆದುಕೊಂಡು ಹೋದರು, ಅದಕ್ಕಿಂತ ಕೂಗಾಡಿದ್ದರೆ ಚೆನ್ನಾಗಿತ್ತು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆಯಂತೆ. ಹೋದದ್ದು ಬರುವುದಿಲ್ಲ. ಹನಿ ಹಾಕುತ್ತಾ ಇದ್ದರೆ ಇರುವುದು ಉಳಿಯಬಹುದು. ಡಾಕ್ಟರಮ್ಮ ಚಿಕ್ಕವಳು. "ಇಷ್ಟು ಹತ್ರದಲ್ಲಿದ್ದು ಮೊದ್ಲೇ ಬರಬಾರದಿತ್ತಾ" ಎಂದು ತನ್ನ ಪಾಡಿಗೆ ಹೇಳಿಕೊಂಡಳು.

ನನ್ನನ್ನು ಈಗ ಬಟ್ಟೆ ಕೋಣೆಗೆ ಹಾಕಿದ್ದಾರೆ. ಒಗೆದು ಬಂದ ಹೊದಿಕೆ ಮಡಿಸಿ ವಾರ್ಡುಗಳಿಗೆ ಎಣಿಸಿ ಕೊಡುವುದು. ಕೈಗೆ ಗೊತ್ತಾಗುವ ಕೆಲಸ, ಕಣ್ಣು ಬೇಕಿಲ್ಲ. ಮಾತಾಡುವವರಿಲ್ಲ. ನನ್ನ ಮೇಜಿನಲ್ಲಿ ಹೊಸ ಹುಡುಗಿ ಇದ್ದಾಳೆ. ನೀನು ತಿದ್ದಿಸಿದ್ದು ಬಂದ ದಿನ ಓಡಿ ಬಂದು, "ಅಕ್ಕಾ, ಮೌಸೇ ಬೇಡ, ಎಂಟರ್ ಒತ್ತಿದ್ರೆ ಸಾಕು, ಎಲ್ಲ ನಡುವಲ್ಲೇ ಬರುತ್ತೆ" ಎಂದು ಹೇಳಿ ಹೋದಳು. ಪಾಪ, ಅವಳಿಗೆ ಗೊತ್ತಿಲ್ಲ. ಕಣ್ಣು ಹೀಗೇ ನಿಂತರೆ ವರ್ಷದ ಮೇಲೆ ಮೇಜಿಗೆ ಮರಳುವ ಮಾತು ನೋಡೋಣ ಎಂದಿದ್ದಾರೆ. ನೋಡೋಣ ಅಂದರೆ ಏನು ಅಂತ ನಿನಗೂ ಗೊತ್ತು, ನನಗೂ ಗೊತ್ತು.

ನೀನು ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ. ಸರಿ ಎನ್ನಲೂ ಬಾಯಿ ಬರುತ್ತಿಲ್ಲ. ಸಿಟ್ಟಿಲ್ಲ.

ಅಕ್ಕ

ಇನ್ನು ನಾನು, ನಿನ್ನ ಭಾವ. ಸಿಟ್ಟಿಲ್ಲ ಅಂದಳು, ಬರೆದೆ. ನನಗೆ ಸಿಟ್ಟಿದೆಯಪ್ಪ. ನನ್ನ ಹೆಂಡತಿಗೆ ಕಣ್ಣು ಕಾಣುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಸ್ಪತ್ರೆಯ ಗೇಟಿನ ಕಾವಲಿನವನಿಂದ. ಅವನಿಗೆ ಗೊತ್ತಾದದ್ದು ನೀನು ಬಾಯಿ ಬಿಟ್ಟಿದ್ದರಿಂದ. ಅರ್ಧ ಸಿಟ್ಟು ನಿನ್ನ ಮೇಲೆ, ಅರ್ಧ ಅವಳ ಮೇಲೆ. ಒಂದೇ ಸೂರಿನ ಕೆಳಗಿದ್ದೂ ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲಿರುವುದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಅವಳ ಮುಂದೆ ನಗುನಗುತ್ತಾ ಇದ್ದೇನೆ. ಈ ಸಾಲುಗಳನ್ನು ಅವಳಿಗೆ ಓದಿ ಹೇಳಿಲ್ಲ.


ಆಗಸ್ಟ್ 9

ಭಾವ,

ಇದನ್ನು ಮೊದಲು ಮನಸ್ಸಿನಲ್ಲೇ ಓದಿಕೊಳ್ಳಿ.

ನಿಮ್ಮ ಸಿಟ್ಟು ನ್ಯಾಯ. ದೊಡ್ಡೋರಿಗೆ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಸುಳ್ಳು ಬರೆಯಲಾರೆ. ಆದರೆ ಹೇಳುವ ಮೊದಲು ಬಸ್ಸು ಹತ್ತಿ ಬಂದು ಅವಳ ಎದುರು ಕೂರಬೇಕಾಗಿತ್ತು. 'ದೊಡ್ಡೋರಿಗೆ ಹೇಳುತ್ತೇನೆ ಅಕ್ಕಾ, ಅದಕ್ಕೆ ಮೊದಲು ನೀನು ಭಾವನಿಗೆ ಹೇಳು' ಅನ್ನಬೇಕಾಗಿತ್ತು. ಅವಳ ಸುದ್ದಿಯನ್ನು ನಾನು ಅವಳಿಂದ ಕಿತ್ತುಕೊಂಡು ಊರಿಗೆ ಹಂಚಿದೆ.

ಈಗ ನಿಮ್ಮ ಗುಟ್ಟೊಂದು ನನ್ನ ಹತ್ತಿರ ಇದೆ. ಇದನ್ನು ನಾನು ಅವಳಿಗೆ ಹೇಳುವುದಿಲ್ಲ, ಅದು ನಿಮ್ಮದು. ಆದರೆ ಅವಳು ನೇರವಾಗಿ ಕೇಳಿದರೆ ಇಲ್ಲ ಎನ್ನಲು ನನಗೆ ಬರುವುದಿಲ್ಲ, ನನ್ನ ಬಾಯಿ ಎಂಥದ್ದೆಂದು ನಿಮಗೆ ಈಗ ಗೊತ್ತಾಗಿದೆ. ಮುಚ್ಚಿಟ್ಟು ನಗುನಗುತ್ತಾ ಇದ್ದದ್ದರಿಂದಲೇ ಅವಳ ಒಂದು ವರ್ಷದ ಕಣ್ಣು ಹೋಯಿತು. ನೀವೂ ಶುರು ಮಾಡಬೇಡಿ ಭಾವ. ಈ ಕಾಗದದ ಕೊನೆಯ ಸಾಲು ಓದುವುದಕ್ಕೆ ಮೊದಲು ಅವಳಿಗೆ ಹೇಳಿಬಿಡಿ. ಜಗಳವಾದರೆ ಆಗಲಿ, ಅವತ್ತೊಂದು ದಿನ ಬೇಕರಿಗೆ ರಜೆ ಹಾಕಿ.

ಇಲ್ಲಿಂದ ಜೋರಾಗಿ ಓದಿ.

ಅಕ್ಕಾ,

ಸಿಟ್ಟಿಲ್ಲ ಎಂದು ಬರೆಸಿದ್ದೀಯ. ನಾನು ನಂಬಲಿಲ್ಲ. ಮುಂದಿನ ಶನಿವಾರ ಬರುತ್ತಿದ್ದೇನೆ, ಎದುರಿಗೆ ಕೂರಿಸಿಕೊಂಡು ಬೈ. ಬಟ್ಟೆ ಕೋಣೆಯನ್ನೂ ನೋಡಬೇಕು. ಭಾನುವಾರ ಪಾಳಿ ಇದ್ದರೆ ನಾನೂ ಜೊತೆಗೆ ಬಂದು ಹೊದಿಕೆ ಮಡಿಸುತ್ತೇನೆ. ನನಗೆ ನೆಟ್ಟಗೆ ಮಡಿಸಲು ಬರುವುದಿಲ್ಲ, ಅದಕ್ಕೂ ಬೈ.

ವರ್ಷದ ಮೇಲೆ ಅವರು ನೋಡೋಣ ಅಂದದ್ದನ್ನು ನಾನು ಬರೆದಿಟ್ಟುಕೊಂಡಿದ್ದೇನೆ, ದೊಡ್ಡೋರಿಗೂ ಹೇಳಿದ್ದೇನೆ. ಅವರು, "ನೀನು ನೆನಪಿಸ್ದೆ ಬಿಡೋನಲ್ಲ, ಅದೇ ನನಗೆ ಭಯ" ಅಂದರು.

ಹನಿ ಹಾಕಿಸಿಕೊಳ್ಳುವುದು ತಪ್ಪಿಸಬೇಡ.

ಓದಿ ಮುಗಿದ ಮೇಲೆ ಈ ಕಾಗದವನ್ನು ಭಾವನ ಕೈಯಿಂದ ಈಸಿಕೊಂಡು ನಿನ್ನ ಹತ್ತಿರವೇ ಇಟ್ಟುಕೋ. ದಿನಕ್ಕೆ ನಾಲ್ಕು ಸಾಲಾದರೂ ಸರಿ, ಪೂರ್ತಿ ನೀನೇ ಓದು.